ಕಂಬದ ಮೇಲಿನ ಶಂಖ

ಕಡಲ ನಡುವೆ ಮೂವತ್ತು ಮನೆಗಳ ಒಂದು ದ್ವೀಪ. ಅಲ್ಲಿ ದಡದ ಕಂಬಕ್ಕೆ ಒಂದು ಶಂಖ ಕಟ್ಟಿತ್ತು. ಅನ್ಯಾಯವಾಯಿತೆಂದು ಯಾರು ಊದಿದರೂ ಊರೇ ಬಂದು ಕೇಳಬೇಕು. ಮಾತು ಕೇಳದೆ ಯಾರನ್ನೂ ಶಿಕ್ಷಿಸುವಂತಿಲ್ಲ. ಇದು ಹಿರಿಯರು ಮಾಡಿಟ್ಟ ಕಟ್ಟಳೆ.

ಆದರೆ ದುಗ್ಗಜ್ಜಿ ಕೋಳಿ ಕಾಣೆಯಾದಾಗಲೆಲ್ಲ ಅದನ್ನೇ ಊದುತ್ತಿದ್ದಳು. ಮೀನು ಒಣಗಿಸುವ ಸೋಮಿಗೆ ಇದೊಂದು ಕಾಟ. ಅವಳು ಅತ್ತ ಓಡಿದರೆ ಇತ್ತ ಕಾಗೆಗಳಿಗೆ ಹಬ್ಬ. "ಶಂಖ ನನ್ನ ಮನೆಯಲ್ಲಿರಲಿ, ಬೇಕಾದವರು ಕೇಳಿ ಊದಲಿ" ಎಂದು ಯಜಮಾನ ಪುರ್ಸಪ್ಪ ಹೇಳಿದಾಗ ಮೊದಲು ಕೈಯೆತ್ತಿದವಳು ಸೋಮಿಯೇ. "ಪೀಡೆ ತೊಲಗಿತು" ಎಂದೂ ಅಂದಳು.

ಮುಂಗಾರು ಹತ್ತಿರ ಬಂದು ಕಡಲು ಕೆರಳಿತ್ತು. ಒಂದು ಬೆಳಿಗ್ಗೆ ಯಜಮಾನನ ಹೊಸ ಬಲೆ ಹರಿದಿತ್ತು. ಸೋಮಿಯ ತಮ್ಮ ಬೀರನೇ ಕೊಯ್ದನೆಂದು ಯಜಮಾನನ ಮಗ ಹೇಳಿದ. ಯಜಮಾನ ಬೀರನ ಮಾತನ್ನು ಕೇಳಲಿಲ್ಲ, ಊರನ್ನೂ ಕರೆಯಲಿಲ್ಲ. ಕಡಲ ನೀರು ಇಳಿಯುವ ಹೊತ್ತಿಗೆ ಅವನೊಬ್ಬನನ್ನೇ ಚಿಕ್ಕ ದೋಣಿಯಲ್ಲಿ ಕೂರಿಸಿ ದ್ವೀಪದಾಚೆ ಕಳಿಸುವುದೆಂದು ಯಜಮಾನ ತೀರ್ಮಾನಿಸಿದ.

ಆ ಕಡಲಲ್ಲಿ ಆ ದೋಣಿ ಹೋದರೆ ತಮ್ಮ ತಿರುಗಿ ಬರುವುದುಂಟೇ! ಶಂಖ ಅಲ್ಲಿಲ್ಲವೆಂಬುದನ್ನೂ ಮರೆತು ಸೋಮಿ ಕಂಬದ ಬಳಿ ಓಡಿದಳು. ಬರೀ ಹಗ್ಗ ನೇತಾಡುತ್ತಿತ್ತು. ಯಜಮಾನನ ಮನೆಗೆ ಓಡಿದಳು.

"ಒಡೆಯಾ, ಶಂಖ ಕೊಡಿ."

"ಯಾರ ಮೇಲೆ ದೂರು?"

"ನಿಮ್ಮ ಮೇಲೇ."

"ಹಾಗಾದ್ರೆ ನಾಳೆ ಬಾ" ಎಂದು ಅವನು ಬಾಗಿಲು ಹಾಕಿಕೊಂಡ.

ನೀರು ಆಗಲೇ ಇಳಿಯತೊಡಗಿತ್ತು. ಅಂಗಳದಲ್ಲಿ ಕೋಳಿಗೆ ನುಚ್ಚು ಹಾಕುತ್ತಿದ್ದ ದುಗ್ಗಜ್ಜಿಗೆ ಸೋಮಿಯ ಅಳು ಕೇಳಿಸಿತು. ಸಂಗತಿ ತಿಳಿದದ್ದೇ, "ಶಂಖ ಇಲ್ದಿದ್ರೆ ಎಂತ? ಕೊಡಪಾನ ಉಂಟಲ್ಲ" ಎಂದು ಅದನ್ನು ಸೌಟಿನಿಂದ ಬಡಿಯುತ್ತಾ ಬೀದಿಗಿಳಿದಳು.

"ಮತ್ತೆ ಕೋಳಿ ಹೋಯ್ತಾ ಅಜ್ಜೀ?" ಎಂದು ಜನ ನಗುತ್ತಾ ಹೊರಬಂದರು.

"ಈ ಸಲ ಮನುಷ್ಯ ಹೋಗ್ತಿದ್ದಾನೆ!" ಎಂದಳು ಅಜ್ಜಿ. ನಗು ನಿಂತಿತು.

ಅವರೆಲ್ಲ ದಡ ಮುಟ್ಟಿದಾಗ ಯಜಮಾನ ಬೀರನನ್ನು ದೋಣಿಯಲ್ಲಿ ಕೂರಿಸಿ ಹಗ್ಗ ಬಿಚ್ಚಿಸುತ್ತಿದ್ದ. "ಬಲೆ ಬಿಡಿಸಿ ನೋಡಿ, ಅಷ್ಟೇ ಸಾಕು" ಎಂದ ಬೀರ. ದಡದಲ್ಲಿದ್ದ ಬಲೆಯನ್ನು ಬಿಡಿಸಿ ನೋಡಿದರೆ ಹರಿದಲ್ಲೆಲ್ಲ ಬಂಡೆಗೆ ಅಂಟುವ ಚಿಪ್ಪಿನ ಚೂರುಗಳು. ಅದು ಕೊಯ್ದದ್ದಲ್ಲ, ಬಂಡೆಗೆ ಸಿಕ್ಕಿ ಹರಿದದ್ದು. ಹಿಂದಿನ ದಿನ ಬಂಡೆಯ ಕಡೆ ಬಲೆ ಬಿಟ್ಟವನು ಯಜಮಾನನ ಮಗನೇ. ಅವನು ತಲೆ ತಗ್ಗಿಸಿದ. ಯಜಮಾನ ಮನೆಗೆ ಹೋಗಿ ಶಂಖ ತಂದು ಕಂಬಕ್ಕೆ ಕಟ್ಟಿದ.

ಎಂಟು ದಿನ ಕಳೆದಿರಲಿಲ್ಲ, ಕಂಬದ ಶಂಖ ಮತ್ತೆ ಕೂಗಿತು. ಸೋಮಿ ಮೀನನ್ನು ಕಾಗೆಗಳಿಗೆ ಬಿಟ್ಟು ಎಲ್ಲರಿಗಿಂತ ಮೊದಲು ಓಡಿ ಬಂದಳು.

"ಎಂತ ಆಯ್ತು ಅಜ್ಜೀ?"

"ಕೋಳಿ ಕಾಣ್ತಾ ಇಲ್ಲ ಮಾರಾಯ್ತಿ."

ಸೋಮಿ ಅಜ್ಜಿಯ ಪಕ್ಕದಲ್ಲೇ ಕುಳಿತಳು. "ಯಾವ ಬಣ್ಣದ್ದು, ಹೇಳಿ" ಎಂದಳು.

ನೀತಿ: ಇನ್ನೊಬ್ಬರ ಹಕ್ಕನ್ನು ಕಾಟವೆಂದು ಕಿತ್ತುಹಾಕಿದರೆ, ನಮ್ಮ ಕಷ್ಟಕಾಲಕ್ಕೆ ನಮಗೂ ಅದು ಸಿಗುವುದಿಲ್ಲ. ಚಿಕ್ಕ ದೂರಿಗೂ ಕಿವಿಗೊಡುವ ಊರಿನಲ್ಲಿ ದೊಡ್ಡ ಅನ್ಯಾಯ ತಲೆಯೆತ್ತುವುದು ಕಷ್ಟ.