ಹೆರಿಗೆಮನೆಯ ಮಾಳಿಗೆ ನೀರು

"ಗುರುಗಳೇ, ತೀರಿಕೊಂಡವರ ಮೇಲಿನ ಮೋಹವನ್ನು ಬಿಡುವುದು ಹೇಗೆ?" ಎಂದು ಶಿಷ್ಯ ಮಡಿವಾಳಯ್ಯ ಕೇಳಿದ. ಹಿಂದಿನ ವರ್ಷ ಅವನ ತಂಗಿ ತೀರಿಕೊಂಡಿದ್ದಳು. ಮಠಕ್ಕೆ ಬಂದ ಮೇಲೂ ಅವಳ ನೆನಪು ಅವನನ್ನು ಬಿಟ್ಟಿರಲಿಲ್ಲ. ಅದನ್ನು ತನ್ನ ಸಾಧನೆಯ ಸೋಲೆಂದು ಅವನು ಎಣಿಸಿದ್ದ.

ಗುರುಗಳು ಈ ಕತೆ ಹೇಳಿದರು.

ಬಯಲುಸೀಮೆಯ ಊರೊಂದರಲ್ಲಿ ಒಬ್ಬ ವರ್ತಕನಿದ್ದ. ಅವನ ಹೆಂಡತಿ ನೀಲವ್ವ ಚೊಚ್ಚಲ ಹೆರಿಗೆಯಲ್ಲಿ ಸತ್ತಳು. ಮಗುವೂ ಉಳಿಯಲಿಲ್ಲ. ವರ್ತಕ ಮತ್ತೆ ಮದುವೆಯಾಗಲಿಲ್ಲ. ಅವಳ ನೆನಪಿಗೆ ಊರಿನ ಹೆಂಗಸರಿಗಾಗಿ ಒಂದು ಹೆರಿಗೆಮನೆ ಕಟ್ಟಿಸಿದ.

ಆ ಸೀಮೆಯ ಮನೆಗಳಂತೆ ಅದಕ್ಕೂ ಮಾಳಿಗೆ, ಎಂದರೆ ಮಟ್ಟಸವಾದ ಚಾವಣಿ. ಮುಂಗೋಡೆಗೆ ಮಾತ್ರ ಹೊರಗಿನಿಂದ ನುಣುಪಾದ ಕಲ್ಲಿನ ಹೊದಿಕೆ. ಹೊದಿಕೆಯ ನಡುವಿನ ಕಲ್ಲಿನ ಮೇಲೆ ಶಿಲ್ಪಿಯೊಬ್ಬ ನೀಲವ್ವನ ಮುಖವನ್ನು ಕೆತ್ತಿದ. ಅವಳನ್ನು ಕಂಡವರು ಆ ಕಲ್ಲನ್ನು ನೋಡಿ ಅವಳೇ ಎನ್ನುತ್ತಿದ್ದರು. ಅವಳ ರೂಪ ಉಳಿದಿದ್ದುದು ಅದೊಂದರಲ್ಲೇ.

ಮಾಳಿಗೆಯ ನೀರೆಲ್ಲ ಮುಂಭಾಗಕ್ಕೆ ಹರಿದು ಬರುವಂತೆ ತುಸು ಇಳಿಜಾರು ಕೊಟ್ಟಿದ್ದರು. ಅಲ್ಲಿ ಗೋಡೆಯಿಂದಾಚೆಗೆ ಒಂದು ಕೊಳವೆ ಚಾಚಬೇಕು ಎಂದ ಮನೆ ಕಟ್ಟುತ್ತಿದ್ದ ಗವಂಡಿ. ಅದು ಮುಖದ ಅಂದ ಕೆಡಿಸುತ್ತದೆ ಎಂದ ವರ್ತಕ. ಗವಂಡಿ ಒಪ್ಪಿಕೊಂಡು ಹೊದಿಕೆಗೂ ಗೋಡೆಗೂ ನಡುವೆ ಕೊಳವೆಯನ್ನು ಮರೆಮಾಡಿ ಕೆಳಗಿಳಿಸಿದ.

ಕೆಲವು ವರ್ಷ ಎಲ್ಲವೂ ಸರಿಯಿತ್ತು. ಒಂದು ವರ್ಷ ಮಳೆ ಹಿಡಿದು ಬಿಡಲಿಲ್ಲ. ಮುಂಗೋಡೆಯ ಒಳಮೈ ಗಾರೆ ಕಳಚಿ ಬಾಣಂತಿಯೊಬ್ಬಳ ಮಂಚದ ಪಕ್ಕಕ್ಕೆ ಬಿತ್ತು. ಗೋಡೆ ಒಳಕ್ಕೆ ಉಬ್ಬಿತ್ತು. ವರ್ತಕ ಗವಂಡಿಯನ್ನು ಕರೆತಂದ. ಗವಂಡಿ ಮಾಳಿಗೆ ಹತ್ತಿ ನೋಡಿದ. ಗೋಡೆಗೆ ಕಿವಿಗೊಟ್ಟು ಕೇಳಿದ.

"ಧಣಿ, ಕೊಳವೆ ಕೆಳಗೆ ಕಟ್ಟಿಕೊಂಡಿದೆ. ಮೇಲಿನ ತಿರುವಿನಲ್ಲಿ ಒಡೆದಿದೆ. ನೀರೆಲ್ಲ ಗೋಡೆಗೇ ಇಳಿಯುತ್ತಿದೆ. ಒಡೆದ ಕಡೆಯೇ ಕಲ್ಲು ಕೊರೆದು ನೀರನ್ನು ನೇರವಾಗಿ ಹೊರಗೆ ಬಿಡಬೇಕು."

"ಒಡೆದಿರುವುದು ಎಲ್ಲಿ?"

ಗವಂಡಿ ತಲೆ ತಗ್ಗಿಸಿದ. "ಅಮ್ಮನವರ ಮುಖದ ಹಿಂದೆ."

"ಆ ಕಲ್ಲನ್ನು ಇಡಿಯಾಗಿ ಬಿಚ್ಚಿ ಇಳಿಸಲು ಆಗದೇ?"

"ಮಳೆ ನಿಂತು ಗೋಡೆ ಒಣಗಿದ ಮೇಲೆ ಆದೀತು. ಅಲ್ಲಿಯವರೆಗೆ ಈ ಗೋಡೆ ನಿಲ್ಲುವುದಿಲ್ಲ, ಧಣಿ."

ಒಳಗಿದ್ದ ಹೆಂಗಸರನ್ನು ಬೇರೆಡೆಗೆ ಸಾಗಿಸೋಣವೆಂದು ವರ್ತಕ ಸೂಲಗಿತ್ತಿಯನ್ನು ಕೇಳಿದ. ಉಳಿದವರನ್ನು ಸಾಗಿಸಬಹುದು ಎಂದಳು ಅವಳು. ಒಬ್ಬಳಿಗೆ ಮಾತ್ರ ಬೆಳಗಿನಿಂದ ನೋವು ಕಾಣಿಸಿಕೊಂಡಿತ್ತು. ಕೂಸು ಅಡ್ಡ ತಿರುಗಿತ್ತು. ಅವಳನ್ನು ಅಲುಗಿಸುವಂತಿರಲಿಲ್ಲ.

ವರ್ತಕ ಮಳೆಯಲ್ಲೇ ಏಣಿ ಹತ್ತಿದ. ಕಲ್ಲಿನ ಹಣೆಯ ಮೇಲೆ ಹರಿಯುತ್ತಿದ್ದ ನೀರನ್ನು ಹೆಗಲ ವಸ್ತ್ರದಿಂದ ಒರೆಸಿದ. ಮತ್ತೆ ನೀರು ಹರಿಯಿತು. ಮತ್ತೆ ಒರೆಸಿದ. ಆಮೇಲೆ ಕೆಳಗೆ ಕೈ ಚಾಚಿ ಉಳಿ, ಸುತ್ತಿಗೆ ಕೇಳಿದ.

"ನೀವು ಇಳಿಯಿರಿ ಧಣಿ, ನಾನು ಮಾಡುತ್ತೇನೆ."

"ಬೇಡ. ಈ ಏಟು ಬೇರೆಯವರ ಕೈಯಿಂದ ಬೀಳಬಾರದು."

ಮೊದಲ ಏಟಿಗೆ ಕೈ ಜಾರಿತು. ಎರಡನೆಯದು ನಾಟಿತು. ಅವನು ಕಣ್ಣು ಮುಚ್ಚಲಿಲ್ಲ. ಕಲ್ಲು ತೂತಾದೊಡನೆ ಕಟ್ಟಿ ನಿಂತ ನೀರು ನುಗ್ಗಿ ಅವನ ಎದೆಗೆ ಬಡಿಯಿತು. ಗವಂಡಿ ಆ ತೂತಿಗೆ ಹೊಸ ಕೊಳವೆ ಕೂರಿಸಿ, ನೀರು ಗೋಡೆಯಿಂದ ದೂರ ಬೀಳುವಂತೆ ಹೊರಕ್ಕೆ ಬಾಗಿಸಿ, ಸುತ್ತಲೂ ಗಾರೆ ತುಂಬಿದ. ಗೋಡೆ ನಿಂತಿತು. ಸಂಜೆಗೆ ಹೆರಿಗೆಯಾಯಿತು. ತಾಯಿ ಉಳಿದಳು, ಕೂಸೂ ಉಳಿಯಿತು. ಕೂಸಿನ ಅಳು ಕೇಳಿದ ಮೇಲೆ ವರ್ತಕ ಜಗಲಿಯ ಮೇಲೆ ಕುಳಿತು ಅತ್ತ.

ಮಳೆಗಾಲ ಮುಗಿಯುತ್ತಲೇ ಶಿಲ್ಪಿ ಬಂದ. "ಆ ಮುಖ ನನ್ನ ಕೈಗೆ ಇನ್ನೂ ನೆನಪಿದೆ. ಬೇರೆ ಕಲ್ಲಿನಲ್ಲಿ ಕೆತ್ತಿಕೊಡುತ್ತೇನೆ. ಕೊಳವೆಯನ್ನು ಹಿತ್ತಿಲ ಕಡೆಗೆ ತಿರುಗಿಸಿ" ಎಂದ.

ವರ್ತಕ ಅವನಿಗೆ ಕೈಮುಗಿದ. "ಈ ದಾರಿ ಚೆನ್ನಾಗಿ ಹರಿಯುತ್ತಿದೆ. ಹೀಗೇ ಇರಲಿ" ಎಂದ.

ಅಲ್ಲಿಂದ ಮುಂದೆ ಪ್ರತಿವರ್ಷ ಮಳೆಗೆ ಮುಂಚೆ ಅವನು ತಾನೇ ಮಾಳಿಗೆ ಹತ್ತಿ, ಕೊಳವೆಯ ಬಾಯಿಗೆ ಕಟ್ಟಿದ ತರಗೆಲೆ, ಮಣ್ಣು, ಹಕ್ಕಿಗೂಡಿನ ಕಡ್ಡಿಗಳನ್ನು ಕೈಯಾರೆ ತೆಗೆಯುತ್ತಿದ್ದ. ಮುಪ್ಪಿನಲ್ಲಿ ಮೊಣಕಾಲು ನೋಯುತ್ತಿದ್ದರೂ ಆ ಕೆಲಸವನ್ನು ಆಳಿಗೆ ಬಿಡಲಿಲ್ಲ. ಆ ಮನೆಯ ಗೋಡೆ ಮತ್ತೆಂದೂ ನೆನೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯ "ಆ ಏಟಿನೊಂದಿಗೆ ಅವನ ಮೋಹ ಹೋಯಿತಲ್ಲವೇ, ಗುರುಗಳೇ?" ಎಂದು ಕೇಳಿದ.

"ಹೋಗಲಿಲ್ಲ ಮಗು, ಅದಕ್ಕೊಂದು ಕೆಲಸ ಸಿಕ್ಕಿತು" ಎಂದರು ಗುರುಗಳು.