ನೀಲವ್ವನ ತೋಟದ ಋಣ

ವರದಾ ನದಿಯ ದಂಡೆಯ ನಮ್ಮ ಹಿರೇಮಳಲಿಯಲ್ಲಿ ಪರಮಪೂಜ್ಯ ಶ್ರೀ ಗುರುಶಾಂತ ಅಜ್ಜನವರು ಇರುತ್ತಿದ್ದ ಜಾಗವನ್ನು ಮಠವೆನ್ನಲು ಹೊರಗಿನವರು ಹಿಂದೆಮುಂದೆ ನೋಡುತ್ತಿದ್ದರು. ಎರಡು ಅಂಕಣದ ಮಣ್ಣಿನ ಮನೆ, ಮುಂದೊಂದು ಕಟ್ಟೆ, ಅಷ್ಟೇ. ಪಲ್ಲಕ್ಕಿಯಿಲ್ಲ, ಬೆಳ್ಳಿಯ ಬೆತ್ತವಿಲ್ಲ. ಅಜ್ಜನವರು ಬೆಳಗಿನ ಪೂಜೆ ಮುಗಿಸಿ ಕಟ್ಟೆಯ ಮೇಲೆ ಕುಳಿತು ಬಾಳೆನಾರು ಸೀಳುತ್ತಿದ್ದರು. ಸುತ್ತಲಿನ ಎಲೆತೋಟದವರು ಬಳ್ಳಿ ಕಟ್ಟಲು ಆ ನಾರನ್ನು ಪ್ರಸಾದವೆಂದು ಒಯ್ಯುತ್ತಿದ್ದರು. ದೊಡ್ಡ ಮಠಗಳು ನಾಡಿನಲ್ಲಿ ಬೇಕಾದಷ್ಟಿವೆ, ಅಜ್ಜನವರು ಮಾತ್ರ ನಮ್ಮೂರಿಗೇ ಸಿಕ್ಕರು. ಹೀಗೆ ಹೇಳಿದರೆ ಪಕ್ಕದ ಊರಿನವರು ಜಂಬವೆಂದು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ.

ವೀಳ್ಯದೆಲೆಯ ತೋಟವೆಂದರೆ ನಮ್ಮವರಿಗೆ ದೇವರ ಮನೆಗೆ ಸಮ. ಚಪ್ಪಲಿ ಮೆಟ್ಟಿಕೊಂಡು ಯಾರೂ ಒಳಗೆ ಕಾಲಿಡುವುದಿಲ್ಲ. ತೋಟದ ಒಡೆಯನಿರಲಿ, ಎಲೆ ಕೊಳ್ಳಲು ಬರುವ ಸಾಹುಕಾರನಿರಲಿ, ಬೇಲಿಯ ಬಾಯಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಈ ಪದ್ಧತಿಯೇ ಒಂದು ಸಲ ಒಬ್ಬ ಅಪರಾಧಿಯನ್ನು ಹಿಡಿದುಕೊಟ್ಟಿತು.

ನೀಲವ್ವ ಗಂಡನನ್ನು ಕಳೆದುಕೊಂಡವಳು. ಎರಡು ಹೆಣ್ಣುಮಕ್ಕಳ ಹೊಟ್ಟೆ ತುಂಬುತ್ತಿದ್ದುದು ಅವಳ ಚಿಕ್ಕ ಎಲೆತೋಟದಿಂದ. ಪಕ್ಕದ ತೋಟ ಫಕ್ಕೀರಪ್ಪನದು. ಇಬ್ಬರಿಗೂ ಬಾವಿ ಒಂದೇ. ತನ್ನ ಸರದಿಯ ನೀರನ್ನು ನೀಲವ್ವ ಕದಿಯುತ್ತಾಳೆಂದು ಫಕ್ಕೀರಪ್ಪನ ತಲೆಯಲ್ಲಿ ಹುಳ ಹೊಕ್ಕಿತ್ತು. ಒಂದು ಸಂಜೆ ಸಿಟ್ಟು ನೆತ್ತಿಗೇರಿ, ಕುಡುಗೋಲು ಹಿಡಿದು ಹೋಗಿ, ಅವಳ ತೋಟದ ಬಳ್ಳಿಗಳನ್ನೆಲ್ಲ ಬುಡದಲ್ಲಿ ಕೊಯ್ದುಹಾಕಿದ. ಅಷ್ಟರಲ್ಲಿ ನಾಯಿ ಬೊಗಳಿತು. ಹಿಂದಿನ ಬೇಲಿ ಹಾರಿ ಓಡಿದ. ಬೆಳಗಾದಾಗ ತೋಟ ಬಾಡಿ ಬಿದ್ದಿತ್ತು, ಬೇಲಿಯ ಬಾಯಲ್ಲಿ ಫಕ್ಕೀರಪ್ಪನ ಚಪ್ಪಲಿ ಜೋಡಿಸಿಟ್ಟಂತೆ ಇದ್ದವು! ಹಾಳುಮಾಡಲು ಹೋದವನು ಚಪ್ಪಲಿ ಬಿಟ್ಟು ಹೋಗಿದ್ದ. ಎಷ್ಟಾದರೂ ನಮ್ಮೂರಿನವನಲ್ಲವೇ.

ನೀಲವ್ವ ಎದೆ ಬಡಿದುಕೊಳ್ಳುತ್ತ ಬಂದು ಅಜ್ಜನವರ ಕಟ್ಟೆಯ ಮುಂದೆ ಕುಸಿದಳು. ಅವಳ ಹೇಳಿಕೆ ಪಡೆಯಲು ಪೊಲೀಸ್ ಫೌಜದಾರ ಗೋವಿಂದರಾವ್ ಇನಾಮದಾರರು ಅಲ್ಲಿಗೇ ಬಂದರು. ಹಿಂದೆ ಬೇಡಿ ತೊಟ್ಟ ಫಕ್ಕೀರಪ್ಪ, ಅವನ ಹಿಂದೆ ಅರ್ಧ ಊರು. ಫೌಜದಾರರು ಪ್ರಾಮಾಣಿಕರು, ಆದರೆ ಸ್ವಾಮಿಗಳೆಂದರೆ ಅವರಿಗೆ ಅಷ್ಟಕ್ಕಷ್ಟೆ. ನಮಸ್ಕಾರವನ್ನೂ ಟೊಪ್ಪಿಗೆ ತೆಗೆಯದೆ ಮಾಡಿದರು.

"ಅಜ್ಜಾರ, ಕ್ಷಮಾ ಮಾಡು ಅಂತ ಉಪದೇಶ ಮಾಡಬ್ಯಾಡ್ರಿ," ಎಂದರು. "ಇಂಥವ್ರನ್ನ ಒಳಗ ಹಾಕಿದ್ರನ ಊರು ನೆಟ್ಟಗಿರತೈತಿ."

ಅಜ್ಜನವರು ನಾರನ್ನು ಪಕ್ಕಕ್ಕಿಟ್ಟರು. ನೀಲವ್ವನ ಕಡೆಗೆ ತಿರುಗಿ, "ತಾಯಿ, ನಿನಗೇನು ಬೇಕು?" ಎಂದು ಕೇಳಿದರು.

ಬೆಳಗಿನಿಂದ ಎಲ್ಲರೂ ಅವಳ ಸುತ್ತ ಗದ್ದಲ ಮಾಡಿದ್ದರೇ ಹೊರತು ಈ ಮಾತನ್ನು ಯಾರೂ ಕೇಳಿರಲಿಲ್ಲ. ಅವಳು ಕಣ್ಣೊರೆಸಿಕೊಂಡು, "ನನಗ ನನ್ನ ತೋಟ ಬೇಕ್ರಿ ಅಜ್ಜಾರ. ಇವ ಜೈಲಿನ್ಯಾಗ ಕುಂತ್ರ ನನ್ನ ಮಕ್ಕಳಿಗೆ ರೊಟ್ಟಿ ಹುಟ್ಟತೈತೇನ್ರಿ?" ಎಂದಳು.

ಅಜ್ಜನವರು ಫಕ್ಕೀರಪ್ಪನನ್ನು ನೋಡಿದರು. "ಸೆರೆಮನೆಗೆ ಹೋದರೆ ನೀನು ಸರಕಾರಕ್ಕೆ ತೀರಿಸಿದಂತಾಯಿತು. ಈಕೆಯ ಋಣ ಹಾಗೇ ಉಳಿಯಿತು. ಈಕೆಯ ತೋಟ ಮತ್ತೆ ಕೊಯ್ಲಿಗೆ ಬರುವ ತನಕ ದುಡಿ. ಬಳ್ಳಿಯನ್ನು ನಿನ್ನ ತೋಟದ್ದೇ ಕೊಯ್ದು ನೆಡು. ಅಲ್ಲಿಯ ತನಕ ನಿನ್ನ ಎಲೆ ಈಕೆಯ ಬುಟ್ಟಿಗೆ."

ಫೌಜದಾರರು ನಕ್ಕರು. ಶಿಕ್ಷೆಯೆಂದರೆ ಇಷ್ಟೇನಾ ಎಂಬ ನಗು ಅದು. ಆದರೆ ಬೇಡಿ ತೊಟ್ಟವನು ನಗಲಿಲ್ಲ. ಮೊಣಕಾಲೂರಿ ಗೋಳೋ ಎಂದು ಅತ್ತ. "ಬ್ಯಾಡ್ರಿ ಅಜ್ಜಾರ, ಜೈಲಿಗೇ ಕಳಸ್ರಿ! ದಿನಾ ಬೆಳಗಾದ್ರ ಈಕಿ ಮುಂದ ಹ್ಯಾಂಗ ನಿಂದರಲಿ? ಊರ ಮಂದಿ ನೋಡತಾರ. ಅದನ್ನ ನಾ ತಾಳಲಾರೆ."

ಫೌಜದಾರರ ನಗು ಅಲ್ಲಿಗೆ ನಿಂತಿತು. ಜೈಲು ಬೇಕೆಂದು ಬೇಡಿಕೊಂಡ ಕೈದಿಯನ್ನು ಅವರು ಅದುವರೆಗೆ ಕಂಡಿರಲಿಲ್ಲ.

ಅಜ್ಜನವರು ಮೆಲ್ಲಗೆ, "ಹಾಳುಮಾಡಲು ಹೋದಾಗಲೂ ಚಪ್ಪಲಿ ಬಿಟ್ಟು ಹೋದೆ. ನಿನ್ನೊಳಗೆ ಬೆಳೆಸುವವನು ಇನ್ನೂ ಇದ್ದಾನೆ, ಮಗನೇ. ಅವನನ್ನು ಕಳಿಸು," ಎಂದರು.

ಫಿರ್ಯಾದಿ ಒಪ್ಪಿದರೆ ಇಂಥ ಪ್ರಕರಣದಲ್ಲಿ ರಾಜಿಗೆ ಕಾಯ್ದೆಯಲ್ಲೂ ದಾರಿಯಿತ್ತು. ಫಕ್ಕೀರಪ್ಪ ಅಜ್ಜನವರ ಮಾತಿಗೆ ತಲೆಬಾಗಿದ. ನೀಲವ್ವ ಒಪ್ಪಿದಳು, ಕೋರ್ಟಿನಲ್ಲಿ ಹಾಗೆಯೇ ಹೇಳಿದಳು. ಫೌಜದಾರರು ಮಾತ್ರ, "ನಾಕು ದಿನದಾಗ ಓಡಿ ಹೋಗತಾನ, ನೋಡ್ತಿರ್ರಿ," ಎಂದು ಹೇಳಿ ಕುದುರೆ ಹತ್ತಿದರು.

ಫಕ್ಕೀರಪ್ಪ ಓಡಿ ಹೋಗಲಿಲ್ಲ. ತಂದೆಯ ಕಾಲದಿಂದ ಬಂದ ತನ್ನ ಅತ್ಯುತ್ತಮ ಬಳ್ಳಿಗೆ ತಾನೇ ಕುಡುಗೋಲು ಹಚ್ಚಿದ. ನೀಲವ್ವನ ಕರುಳು ಹೇಗೆ ಕೊಯ್ದಂತಾಗಿರಬೇಕೆಂದು ಅವನಿಗೆ ತಿಳಿದದ್ದು ಆಗಲೇ. ಹಾದಿಯಲ್ಲಿ ಹೋಗುವವರು ಚುಚ್ಚಿ ಮಾತಾಡಿದರು. ನೀಲವ್ವನ ಮಕ್ಕಳು ಅವನ ಮುಖ ನೋಡಲಿಲ್ಲ. ನೀಲವ್ವ ತಿಂಗಳುಗಟ್ಟಲೆ ಅವನೊಡನೆ ಮಾತಾಡಲಿಲ್ಲ, ಆಡಬೇಕಾಗಿಯೂ ಇರಲಿಲ್ಲ. ಅವನು ತಲೆ ತಗ್ಗಿಸಿ ಮಡಿ ಕಟ್ಟಿದ, ನೀರು ಹಾಯಿಸಿದ, ಎಳೆಬಳ್ಳಿಗಳನ್ನು ಒಂದೊಂದಾಗಿ ಆಸರೆಯ ನುಗ್ಗೆ, ಚೊಗಚೆ ಗಿಡಗಳಿಗೆ ಕಟ್ಟಿದ. ತನ್ನ ಬಸುರಿ ಮಗಳ ಕುಬಸದ ದಿನವೂ ಇಲ್ಲಿ ನೀರು ಕಟ್ಟಿಯೇ ಮನೆಗೆ ಹೋದ. ಫೌಜದಾರರು ಅವನ ತಪ್ಪು ಹಿಡಿಯಲೆಂದೇ ಆಗಾಗ ಸುಳಿವು ಕೊಡದೆ ಬರುತ್ತಿದ್ದರು. ಬಂದಾಗಲೆಲ್ಲ ಅವನು ಬಳ್ಳಿಯ ಬುಡದಲ್ಲಿಯೇ ಇರುತ್ತಿದ್ದ. ಪಾಪ, ಅವರಿಗೆ ಕುದುರೆಯ ದಣಿವೇ ಲಾಭ!

ಒಂದು ಬೇಸಿಗೆಯ ಮಧ್ಯಾಹ್ನ ನೀಲವ್ವ ತನ್ನ ಬುತ್ತಿ ಬಿಚ್ಚಿದವಳು ಎರಡು ರೊಟ್ಟಿ ಬದುವಿನ ಮೇಲಿಟ್ಟು, "ಬಿಸಲು ಭಾಳ ಐತಿ. ಉಂಡು ಕೆಲಸ ಮಾಡು," ಎಂದಳು. ಅವನು ರೊಟ್ಟಿಯನ್ನು ಹಣೆಗೊತ್ತಿಕೊಂಡು ತಿಂದ. ಕಣ್ಣೀರೇ ಇದ್ದುದರಿಂದ ರೊಟ್ಟಿಗೆ ಪಲ್ಯ ಬೇಕಾಗಲಿಲ್ಲವೆಂದು ಅವನೇ ಮುಂದೆ ಹೇಳುತ್ತಿದ್ದ.

ಮುಂದಿನ ವರ್ಷ ತೋಟ ಕೊಯ್ಲಿಗೆ ಬಂತು. ಎಂಥ ತೋಟ! ಮೊದಲಿನದಕ್ಕಿಂತ ದಟ್ಟ, ಅಂಗೈಯಗಲದ ಎಲೆ, ತುಂಬಿದ ಹಸಿರು. ಅಜ್ಜನವರು ದಯಮಾಡಿಸಿದರು. ಫೌಜದಾರರೂ ಬಂದು ಬಳ್ಳಿಗಳ ಸಾಲಿನಲ್ಲಿ ಅಡ್ಡಾಡಿದರು. ಅವರ ಜೊತೆಗೆ ಬಂದಿದ್ದ ಹೊಸ ಪೊಲೀಸಿನವನಿಗೆ ಹಿಂದಿನ ಕಥೆ ಗೊತ್ತಿರಲಿಲ್ಲ. ಮೂಲೆಯಲ್ಲಿ ನಿಂತಿದ್ದ ಫಕ್ಕೀರಪ್ಪನನ್ನು ತೋರಿಸಿ, "ಇವ ಯಾರಬೇ, ಕೂಲಿಯವನೇನು?" ಎಂದು ನೀಲವ್ವನನ್ನು ಕೇಳಿಬಿಟ್ಟ.

ಫಕ್ಕೀರಪ್ಪನ ಮುಖ ಬಿಳಿಚಿತು. ಊರೆಲ್ಲ ಅವಳ ಬಾಯನ್ನೇ ನೋಡುತ್ತ ನಿಂತಿತು.

ನೀಲವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ತೋಟ ನಂದ್ರಿ," ಎಂದಳು. "ಬೆಳಸಿದಾವ ಇವ. ನಮ್ಮಣ್ಣ."

ಫಕ್ಕೀರಪ್ಪ ನಿಂತಲ್ಲಿಯೇ ಕುಳಿತು ಮಗುವಿನಂತೆ ಅತ್ತ. ಫೌಜದಾರರು ಟೊಪ್ಪಿಗೆ ತೆಗೆದು ಅಜ್ಜನವರ ಪಾದಕ್ಕೆ ಬಾಗಿ, "ಎಷ್ಟೋ ಮಂದಿನ್ನ ಒಳಗ ಹಾಕೀನ್ರಿ ಅಜ್ಜಾರ. ಕಳಕೊಂಡವ್ರಿಗೆ ಕಳಕೊಂಡದ್ದು ತಿರುಗಿ ಬಂದದ್ದನ್ನ ನಾ ನೋಡಿದ್ದು ಇವತ್ತ," ಎಂದರು.

ಅಜ್ಜನವರು ಫಕ್ಕೀರಪ್ಪನ ಕಡೆ ಕೈ ಮಾಡಿ, "ಬೆಳೆಸಿದವನು ಅಲ್ಲಿದ್ದಾನೆ. ನಮಸ್ಕಾರ ಅವನಿಗೆ ಸಲ್ಲಲಿ," ಎಂದರು.

ಆಗ ನಮ್ಮೂರು ಕಂಡದ್ದನ್ನು ಯಾವ ಊರೂ ಕಂಡಿರಲಾರದು. ಖಾಕಿ ತೊಟ್ಟ ಫೌಜದಾರರು, ಮಣ್ಣು ಮೆತ್ತಿದ ಕೈಯ ಆ ಅಪರಾಧಿಯ ಮುಂದೆ ನಿಂತು, ಎರಡೂ ಕೈ ಜೋಡಿಸಿದರು.