ಮುಟ್ಟಬೇಡಿ ಎಂಬ ಫಲಕ

ವಿಜ್ಞಾನ ಕೇಂದ್ರಕ್ಕೆ ಹೊಸದಾಗಿ ಒಂದು ಟಚ್ ಸ್ಕ್ರೀನ್ ಪರದೆ ಬಂತು. ಕೈ ತಾಗಿದರೆ ಸಾಕು, ಅದರೊಳಗೆ ಮನುಷ್ಯನ ಹೃದಯ ಬಡಿಯುತ್ತಿತ್ತು. ಕೇಂದ್ರದವರು ಹಳೆಯ ಅಭ್ಯಾಸದಂತೆ ಅದರ ಮುಂದೆಯೂ ‘ಮುಟ್ಟಬೇಡಿ’ ಎಂಬ ಮರದ ಫಲಕ ನಿಲ್ಲಿಸಿದರು. ಜನ ಬಂದರು, ಕೈ ಕಟ್ಟಿಕೊಂಡು ಕಪ್ಪು ಗಾಜನ್ನು ನೋಡಿದರು, ಹೋದರು.

ಒಂದು ದಿನ, ಅದರೊಳಗೆ ಹೃದಯ ಕಾಣುತ್ತದೆಂದು ಕೇಳಿ ಶಾವಂತ್ರೆವ್ವ ಎಂಬ ಮುದುಕಿ ಬಂದಳು. “ನನ್ನ ಎದ್ಯಾಗ ಒಂದ್ ಬಾಗಲಾ ಸರಿ ಮುಚ್ಚವಲ್ದಂತ, ಡಾಕ್ಟರು ಹೇಳ್ಯಾರ. ಅದು ಹೆಂಗೈತಿ ಅಂತ ನೋಡೂ ಆಸೆ,” ಎಂದು ಪರದೆಗೆ ಹೇಳಿದವಳು, ಫಲಕ ಓದಿ ಹಿಂದೆ ಸರಿದಳು.

“ಅಣ್ಣಾ, ಆಕೆಗೆ ದಾರಿ ಬಿಡು,” ಎಂದಿತು ಪರದೆ.

“ಮುಟ್ಟಿದರೆ ನೀನು ಸವೆಯುತ್ತೀಯ. ನಿನ್ನನ್ನು ಕಾಯುವುದೇ ನನ್ನ ಧರ್ಮ,” ಎಂದಿತು ಫಲಕ.

“ಮುಟ್ಟದಿದ್ದರೆ ನಾನು ಬರೀ ಗಾಜು. ಏನನ್ನು ಕಾಯುತ್ತಿದ್ದೀಯ?”

ಫ್ಯಾನಿನ ಗಾಳಿಗೆ ಎಂದೂ ಅಲುಗದ ಫಲಕ, ಅಂದು ಕಾಲು ಸಡಿಲಿಸಿ ದೊಪ್ಪನೆ ಬಿತ್ತು.

“ಅಯ್ಯ ನನ್ನಪ್ಪಾ, ಬಿದ್ದೇನೋ?” ಮುದುಕಿ ಬಗ್ಗಿ ಅದನ್ನು ಎತ್ತಿಕೊಂಡಳು, ಸೆರಗಿನಿಂದ ಧೂಳು ಒರೆಸಿದಳು. ಮೇಲೇಳಲು ಆಸರೆಗೆಂದು ಪರದೆಯ ಮೇಲೆ ಕೈಯೂರಿದಳು. ಗಾಜಿನೊಳಗೆ ಹೃದಯ ಬಡಿಯತೊಡಗಿತು. ಅದರ ಪುಟ್ಟ ಬಾಗಿಲುಗಳು ತೆರೆದವು, ಮುಚ್ಚಿದವು, ಮತ್ತೆ ತೆರೆದವು.

“ಹಗಲೂ ರಾತ್ರಿ ಹಿಂಗ ದುಡೀತೈತೇನು! ಪಾಪ, ದಣದೈತಿ ಅಷ್ಟ,” ಎಂದು ಆಕೆ ತನ್ನ ಎದೆ ಸವರಿಕೊಂಡಳು. ಫಲಕವನ್ನು ಗೋಡೆಗೆ ಒರಗಿಸಿ ಹೋದಳು.

“ಅಣ್ಣಾ, ಬಿದ್ದಾಗ ಪೆಟ್ಟಾಯಿತೇ?” ಪರದೆ ಕೇಳಿತು.

“ಗೊತ್ತಾಗಲಿಲ್ಲ,” ಎಂದಿತು ಫಲಕ. “ಇಷ್ಟು ಅಕ್ಕರೆಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ.”